ನೋಟಿಫಿಕೇಶನ್ ಯಾಕೆ ಬರಲಿಲ್ಲ? ಹೊಸ ಡೆವಲಪರ್‌ಗಳಿಗೆ ಅರ್ಥವಾಗುವ ಕೈಪಿಡಿ ಬೇಕು



ಈ ಪುಟದಲ್ಲಿ ನಾವು ಹೆಚ್ಚಾಗಿ ಶಾಲೆ, ಪಠ್ಯಪುಸ್ತಕ, ನೇಮಕಾತಿ, ಭಾಷಾ ಅಲ್ಪಸಂಖ್ಯಾತರ ಹಕ್ಕು ಇಂಥ ವಿಷಯಗಳನ್ನೇ ಚರ್ಚಿಸುತ್ತೇವೆ. ಈ ಸಲ ಎತ್ತಿಕೊಂಡಿರುವುದು ಮೇಲ್ನೋಟಕ್ಕೆ ಬರೀ ಕಂಪ್ಯೂಟರ್ ಓದಿದವರ ವಿಷಯ ಅನ್ನಿಸಬಹುದು. ಮೊಬೈಲಿಗೆ ತಾನಾಗಿ ಬಂದು ಬೀಳುವ ಪುಶ್ ನೋಟಿಫಿಕೇಶನ್ ಮತ್ತು ಅದನ್ನು ಕಳಿಸುವುದು ಹೇಗೆಂದು ಡೆವಲಪರ್‌ಗಳಿಗೆ ಹೇಳಿಕೊಡುವ ಕೈಪಿಡಿಗಳು ಈ ಬಾರಿಯ ವಿಷಯ. ಆದರೆ ಇದರಲ್ಲಿ ನಮಗೂ ಪಾಲಿದೆ. ಒಂದು ಕಾಲಕ್ಕೆ ಸಂಘದ ಸಭೆಗೆ ಕರೆಯೋಲೆ ಅಂಚೆ ಕಾರ್ಡಿನಲ್ಲಿ ಬರುತ್ತಿತ್ತು. ಆಮೇಲೆ ಎಸ್‌ಎಂಎಸ್ ಬಂತು, ವಾಟ್ಸ್‌ಆ್ಯಪ್ ಗುಂಪು ಬಂತು. ಈಗ ಸಹಕಾರಿ ಸಂಘ, ಶಾಲೆ, ದೇವಸ್ಥಾನ, ಗ್ರಂಥಾಲಯ, ಕನ್ನಡ ಸಂಘ ಎಲ್ಲವೂ ತಮ್ಮದೇ ಆ್ಯಪ್ ಬೇಕು ಅನ್ನುತ್ತಿವೆ. ಅದನ್ನು ಮಾಡಿಕೊಡುವವರು ಹೆಚ್ಚಾಗಿ ಊರಿನದೇ ಹುಡುಗ ಹುಡುಗಿಯರು: ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವವರು, ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದವರು.

ಆ್ಯಪ್ ಬಂದ ಮೇಲೆ ಕೇಳಿಬರುವ ಮೊದಲ ದೂರು ಒಂದೇ: "ನನಗೆ ನೋಟಿಫಿಕೇಶನ್ ಬರಲೇ ಇಲ್ಲ." ಬೈಗುಳ ಬೀಳುವುದು ಆ್ಯಪ್ ಮಾಡಿದ ಹುಡುಗನಿಗೆ. ಅವನ ಬಳಿ ಉತ್ತರವಿರುವುದಿಲ್ಲ, ಏಕೆಂದರೆ ಅವನ ಸರ್ವರ್ "ಕಳಿಸಿಯಾಯಿತು" ಎಂದೇ ತೋರಿಸುತ್ತಿರುತ್ತದೆ. ನಮ್ಮ ಪ್ರಕಾರ ಇದರಲ್ಲಿ ಅವನ ಕೈಗೆ ಸಿಕ್ಕ ಕೈಪಿಡಿಯ ಹೊಣೆಯೂ ಬಹಳಷ್ಟಿದೆ. ನೋಟಿಫಿಕೇಶನ್ ಕೈಪಿಡಿಗಳು ಸಂದೇಶ ಕಳಿಸುವುದನ್ನು ಕಲಿಸುತ್ತವೆ. ಸಂದೇಶ ಎಲ್ಲೆಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತದೆ ಎಂಬುದನ್ನು ಒಂದೇ ಕಡೆ, ಹೊಸಬರಿಗೆ ತಿಳಿಯುವ ಹಾಗೆ ಹೇಳುವುದಿಲ್ಲ. ಅದನ್ನು ಸರಿಮಾಡುವುದು ಸಾಧ್ಯ ಮತ್ತು ಅದರಲ್ಲಿ ನಮ್ಮಂಥವರ ಪಾಲೂ ಇರಬಹುದು.

ಸಂದೇಶ ಸಾಗುವ ದಾರಿ

ಮೊದಲು ದಾರಿಯನ್ನು ನೋಡೋಣ. ಫೋನಿನಲ್ಲಿ ಆ್ಯಪ್ ಮೊದಲ ಸಲ ತೆರೆದಾಗ ಅದು ಗೂಗಲ್ ಅಥವಾ ಆ್ಯಪಲ್‌ನ ಸೇವೆಯಿಂದ ಒಂದು ಉದ್ದನೆಯ ಗುರುತಿನ ಸಾಲನ್ನು ಪಡೆಯುತ್ತದೆ. ಅದಕ್ಕೆ ಟೋಕನ್ ಎನ್ನುತ್ತಾರೆ. ಆ ಫೋನಿನ ಆ ಆ್ಯಪ್‌ಗೆ ಅದೇ ವಿಳಾಸ. ಆ್ಯಪ್ ಆ ವಿಳಾಸವನ್ನು ನಮ್ಮ ಸರ್ವರಿಗೆ ಕೊಡುತ್ತದೆ. ಸಭೆಯ ಸುದ್ದಿ ಕಳಿಸಬೇಕಾದಾಗ ನಮ್ಮ ಸರ್ವರ್ ಸಂದೇಶವನ್ನೂ ವಿಳಾಸವನ್ನೂ ಗೂಗಲ್‌ಗೋ ಆ್ಯಪಲ್‌ಗೋ ಒಪ್ಪಿಸುತ್ತದೆ. ಅವರು ಅದನ್ನು ಫೋನಿಗೆ ಮುಟ್ಟಿಸುತ್ತಾರೆ. ಕೊನೆಗೆ ಅದನ್ನು ಪರದೆಯ ಮೇಲೆ ತೋರಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಫೋನು.

ಅಂದರೆ ಆ್ಯಪ್, ನಮ್ಮ ಸರ್ವರ್, ಗೂಗಲ್ ಅಥವಾ ಆ್ಯಪಲ್, ಫೋನು ಎಂಬ ನಾಲ್ಕು ಕೈ ದಾಟಿ ಸಂದೇಶ ಬರಬೇಕು. ಆಂಡ್ರಾಯ್ಡ್ ಫೋನುಗಳಿಗೆ ಸಾಮಾನ್ಯವಾಗಿ ಬಳಸುವುದು ಗೂಗಲ್‌ನ ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್, ಚಿಕ್ಕದಾಗಿ ಎಫ್‌ಸಿಎಂ. ಐಫೋನ್‌ಗೆ ಆ್ಯಪಲ್‌ನ ಪುಶ್ ನೋಟಿಫಿಕೇಶನ್ ಸರ್ವಿಸ್, ಅದು 2009ರಿಂದ ಇದೆ. ಐಫೋನ್‌ಗೂ ಎಫ್‌ಸಿಎಂ ಮೂಲಕವೇ ಕಳಿಸಬಹುದು, ಆದರೆ ಆಗಲೂ ಕೊನೆಯ ಹಾದಿ ಆ್ಯಪಲ್‌ನದೇ.

ತೊಂದರೆ ಶುರುವಾಗುವುದು ಇಲ್ಲೇ. ದಾರಿ ಒಂದೇ ಆದರೂ ಅದರ ವಿವರ ಮೂರು ನಾಲ್ಕು ಕಡೆ ಚದುರಿಹೋಗಿದೆ. ಕಳಿಸುವ ವಿಧಾನ ಫೈರ್‌ಬೇಸ್ ಕೈಪಿಡಿಯಲ್ಲಿ, ತೋರಿಸುವ ನಿಯಮ ಆಂಡ್ರಾಯ್ಡ್ ಕೈಪಿಡಿಯಲ್ಲಿ, ಐಫೋನಿನ ಷರತ್ತುಗಳು ಆ್ಯಪಲ್ ಕೈಪಿಡಿಯಲ್ಲಿ, ಫ್ಲಟರ್ ಅಥವಾ ರಿಯಾಕ್ಟ್ ನೇಟಿವ್ ಬಳಸಿದರೆ ಇನ್ನೊಂದು ಕೈಪಿಡಿಯಲ್ಲಿ. ಪ್ರತಿಯೊಂದೂ ತನ್ನ ಪಾಲಿನ ಮಟ್ಟಿಗೆ ವಿವರವಾಗಿಯೇ ಇದೆ. ಗಡಿಯೂರಿನಲ್ಲಿ ಒಂದು ಕೆಲಸಕ್ಕೆ ಎರಡು ರಾಜ್ಯಗಳ ಕಚೇರಿ ಅಲೆದವರಿಗೆ ಇದು ಹೊಸತಲ್ಲ. ಒಂದೊಂದು ಕಚೇರಿಯಲ್ಲೂ ನಿಯಮ ಸರಿಯಾಗಿಯೇ ಇರುತ್ತದೆ, ಇಡೀ ಕೆಲಸ ಆಗುವುದು ಹೇಗೆಂದು ಹೇಳುವವರು ಮಾತ್ರ ಎಲ್ಲೂ ಇರುವುದಿಲ್ಲ.

2024ರಲ್ಲಿ ಮುಚ್ಚಿದ ಹಳೆಯ ದಾರಿ

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಒಂದು ಕಾರಣವಿದೆ. ಗೂಗಲ್ ಈ ಸೇವೆಯನ್ನು ಪದೇ ಪದೇ ಬದಲಿಸಿದೆ. 2010ರಲ್ಲಿ ಸಿ2ಡಿಎಂ ಎಂಬ ಹೆಸರಿನಲ್ಲಿ ಶುರುವಾದದ್ದು 2012ರಲ್ಲಿ ಜಿಸಿಎಂ ಆಯಿತು, 2016ರಲ್ಲಿ ಎಫ್‌ಸಿಎಂ ಆಯಿತು. ಜಿಸಿಎಂ 2019ರ ಮೇ ಕೊನೆಯಲ್ಲಿ ನಿಂತಿತು. ಎಫ್‌ಸಿಎಂನಲ್ಲೂ ಸಂದೇಶ ಕಳಿಸುವ ಹಳೆಯ ವಿಧಾನವೊಂದಿತ್ತು. ಅದನ್ನು ಕೈಬಿಡುವುದಾಗಿ ಗೂಗಲ್ 2023ರ ಜೂನ್ 20ರಂದು ಸೂಚಿಸಿತು. 2024ರ ಜುಲೈ 22ರಿಂದ ಅದನ್ನು ಮುಚ್ಚಲು ಆರಂಭಿಸಿತು.

ಹಳೆಯ ವಿಧಾನ ಸುಲಭವಾಗಿತ್ತು. 'ಸರ್ವರ್ ಕೀ' ಎಂಬ ಒಂದು ಸಾಲನ್ನು ನಕಲು ಮಾಡಿ ಅಂಟಿಸಿದರೆ ಮುಗಿಯಿತು. ಆದರೆ ಆ ಸಾಲು ಎಂದೂ ಬದಲಾಗುವಂಥದ್ದಲ್ಲ. ಅದು ಯಾರ ಕೈಗಾದರೂ ಸಿಕ್ಕರೆ ನಮ್ಮ ಹೆಸರಿನಲ್ಲಿ ಎಲ್ಲ ಸದಸ್ಯರಿಗೂ ಏನನ್ನಾದರೂ ಕಳಿಸಬಹುದಿತ್ತು. ಹೊಸ ವಿಧಾನದಲ್ಲಿ ಸುಮಾರು ಒಂದು ಗಂಟೆ ಮಾತ್ರ ಬಾಳುವ ತಾತ್ಕಾಲಿಕ ಅನುಮತಿಯನ್ನು ಮತ್ತೆ ಮತ್ತೆ ಪಡೆಯಬೇಕು. ಸುರಕ್ಷತೆಯ ದೃಷ್ಟಿಯಿಂದ ಇದು ಒಳ್ಳೆಯ ಬದಲಾವಣೆಯೇ. ಆದರೆ ಜೊತೆಗೆ ಇನ್ನೂ ಕೆಲವು ಬದಲಾದವು. ಮೊದಲು ಒಂದೇ ಕೋರಿಕೆಯಲ್ಲಿ 1000 ಟೋಕನ್‌ಗಳನ್ನು ಸೇರಿಸಬಹುದಿತ್ತು. ಈಗ ಒಂದು ಕೋರಿಕೆಗೆ ಒಂದೇ ಟೋಕನ್, ಇಲ್ಲವೇ ಒಂದು 'ಟಾಪಿಕ್'. ಸಂದೇಶದ ಜೊತೆ ಕಳಿಸುವ ಮಾಹಿತಿಯಲ್ಲಿ ಸಂಖ್ಯೆಯನ್ನು ಸಂಖ್ಯೆಯಾಗಿ ಬರೆಯುವಂತಿಲ್ಲ, ಎಲ್ಲವೂ ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿಯೇ ಇರಬೇಕು. 5 ಎಂದು ಬರೆದರೆ ತಿರಸ್ಕಾರ.

ಗೂಗಲ್ ಇದಕ್ಕೆ ಕೈಪಿಡಿ ಬರೆಯಲಿಲ್ಲ ಎಂದು ಹೇಳಲಾಗದು. ಹಳೆಯ ವಿಧಾನದಿಂದ ಹೊಸದಕ್ಕೆ ಹೋಗುವ ಬಗೆಯನ್ನು ಅದು ಸಾಲು ಸಾಲಾಗಿ ತೋರಿಸಿದೆ. ಆದರೆ ಅದು ಬರೆದಿರುವುದು ಹಳೆಯದನ್ನು ಬಲ್ಲವರಿಗೆ. ಹೊಸಬರು ಮೊದಲು ಹೋಗುವುದು ಹುಡುಕಾಟದಲ್ಲಿ ಮೇಲೆ ಬರುವ ವಿಡಿಯೋಗೆ, ಯಾರೋ ಆರು ವರ್ಷದ ಹಿಂದೆ ಬರೆದ ಪಾಠಕ್ಕೆ. ಅಲ್ಲಿ ಇನ್ನೂ 'ಸರ್ವರ್ ಕೀ ನಕಲು ಮಾಡಿ' ಎಂದೇ ಇರುತ್ತದೆ. ಫೈರ್‌ಬೇಸ್ ಪುಟದಲ್ಲಿ ಎಷ್ಟು ಹುಡುಕಿದರೂ ಅದು ಕಾಣುವುದಿಲ್ಲ. ಪಾಠದ ಮೇಲೆ 'ಇದು ಈಗ ನಡೆಯುವುದಿಲ್ಲ' ಎಂಬ ಒಂದು ಸಾಲೂ ಇರುವುದಿಲ್ಲ.

ಆ್ಯಪಲ್ ಕಡೆಯೂ ಹೀಗೆಯೇ. ಅದು ತನ್ನ ಹಳೆಯ ಕಳಿಸುವ ವಿಧಾನವನ್ನು 2021ರ ಮಾರ್ಚ್ 31ಕ್ಕೆ ನಿಲ್ಲಿಸಿತು. 2025ರ ಆರಂಭದಲ್ಲಿ ತನ್ನ ಪುಶ್ ಸರ್ವರ್‌ಗಳ ಭದ್ರತಾ ಪ್ರಮಾಣಪತ್ರವನ್ನೂ ಬದಲಿಸಿತು. ದೊಡ್ಡ ಕಂಪನಿಗಳಲ್ಲಿ ಇಂಥ ಸೂಚನೆಗಳನ್ನು ಓದಲೆಂದೇ ಜನರಿದ್ದಾರೆ. ರಜಾದಿನಗಳಲ್ಲಿ ಸಂಘದ ಆ್ಯಪ್ ನೋಡಿಕೊಳ್ಳುವ ಹುಡುಗಿಗೆ ಈ ಸುದ್ದಿ ತಲುಪುವುದು ಸದಸ್ಯರ ಫೋನು ಮೌನವಾದ ಮೇಲೆ.

ಹೊಸಬರು ಎಡವುವ ಏಳು ಜಾಗಗಳು

ಕೈಪಿಡಿಯಲ್ಲಿ ಏನು ಸ್ಪಷ್ಟವಾಗಬೇಕು ಎಂಬುದನ್ನು ಬರೀ ದೂರಿನ ರೂಪದಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಸಂದೇಶ ಕಳೆದುಹೋಗುವ ಜಾಗಗಳನ್ನು ಒಂದೊಂದಾಗಿ ಇಲ್ಲಿ ಕೊಡುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಈ ಕೆಲಸ ಕಲಿಯುತ್ತಿರುವವರಿದ್ದರೆ ಅವರಿಗೆ ತೋರಿಸಿ.

ಒಂದು, ಅನುಮತಿ. 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ, ಹೊಸದಾಗಿ ಹಾಕಿಕೊಂಡ ಆ್ಯಪ್‌ಗೆ ನೋಟಿಫಿಕೇಶನ್ ತೋರಿಸುವ ಹಕ್ಕು ತಾನಾಗಿ ಸಿಗುವುದಿಲ್ಲ. ಬಳಕೆದಾರರನ್ನು ಕೇಳಬೇಕು. ಐಫೋನಿನಲ್ಲಿ ಮೊದಲಿನಿಂದಲೂ ಹೀಗೆಯೇ. ಹಳೆಯ ಪಾಠ ನೋಡಿ ಮಾಡಿದ ಆ್ಯಪ್ ಡೆವಲಪರ್‌ನ ಹಳೆಯ ಫೋನಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಸದಸ್ಯರ ಹೊಸ ಫೋನಿನಲ್ಲಿ ಮಾಡುವುದಿಲ್ಲ.

ಎರಡು, ಚಾನೆಲ್. 2017ರ ಆಂಡ್ರಾಯ್ಡ್ 8ರಿಂದ ಪ್ರತಿ ನೋಟಿಫಿಕೇಶನ್ ಯಾವುದಾದರೂ ಒಂದು ಚಾನೆಲ್‌ಗೆ ಸೇರಿರಬೇಕು. ಇದು ಟಿವಿ ಚಾನೆಲ್ ಅಲ್ಲ. 'ಸಭೆ', 'ಪರೀಕ್ಷೆ', 'ಶೋಕ ಸುದ್ದಿ' ಎಂಬಂಥ ವರ್ಗ. ಆ್ಯಪ್ ತಾನೇ ತೋರಿಸುವ ನೋಟಿಫಿಕೇಶನ್‌ಗೆ ಚಾನೆಲ್ ಸೇರಿಸದಿದ್ದರೆ ಅದು ಕಾಣಿಸುವುದೇ ಇಲ್ಲ.

ಮೂರು, ಟೋಕನ್ ಬದಲಾಗುತ್ತದೆ. ಬಾಡಿಗೆ ಮನೆ ಬದಲಿಸಿದರೆ ವಿಳಾಸ ಬದಲಾಗುವ ಹಾಗೆ, ಆ್ಯಪ್ ತೆಗೆದು ಮತ್ತೆ ಹಾಕಿದರೆ, ಹೊಸ ಫೋನ್ ಕೊಂಡರೆ, ಆ್ಯಪ್‌ನ ಡೇಟಾ ಅಳಿಸಿದರೆ ಹೊಸ ಟೋಕನ್ ಬರುತ್ತದೆ. 270 ದಿನ ಸಂಪರ್ಕವೇ ಇಲ್ಲದ ಆಂಡ್ರಾಯ್ಡ್ ಟೋಕನ್ ಅವಧಿ ಮುಗಿದದ್ದೆಂದು ಎಫ್‌ಸಿಎಂ ಪರಿಗಣಿಸುತ್ತದೆ. ಮೊದಲ ದಿನ ಪಡೆದ ಟೋಕನ್ ಅನ್ನೇ ಕೊನೆಯವರೆಗೂ ಇಟ್ಟುಕೊಂಡರೆ ಪಟ್ಟಿಯಲ್ಲಿ ಹೆಸರಿರುತ್ತದೆ, ಆ ವಿಳಾಸದಲ್ಲಿ ಯಾರೂ ಇರುವುದಿಲ್ಲ.

ನಾಲ್ಕು, ಆ್ಯಪಲ್‌ನ ಎರಡು ಬಾಗಿಲು. ಪರೀಕ್ಷೆ ಮಾಡುವಾಗ ಒಂದು ಸರ್ವರ್, ಆ್ಯಪ್ ಸ್ಟೋರ್‌ನಿಂದ ಹಾಕಿಕೊಂಡ ಆ್ಯಪ್‌ಗೆ ಇನ್ನೊಂದು. ಒಂದರ ಟೋಕನ್ ಇನ್ನೊಂದರಲ್ಲಿ ನಡೆಯುವುದಿಲ್ಲ. 'ಬ್ಯಾಡ್ ಡಿವೈಸ್ ಟೋಕನ್' ಎಂಬ ಉತ್ತರ ಬರುತ್ತದೆ. ಹೊಸಬರು ಟೋಕನ್ನೇ ಕೆಟ್ಟಿದೆ ಎಂದು ತಿಳಿದು ದಿನಗಟ್ಟಲೆ ಅಲ್ಲೇ ಹುಡುಕುತ್ತಾರೆ. ಕೆಟ್ಟಿದ್ದು ಟೋಕನ್ ಅಲ್ಲ, ತಟ್ಟಿದ ಬಾಗಿಲು ಬೇರೆ.

ಐದು, ಎರಡು ಬಗೆಯ ಸಂದೇಶ. ಎಫ್‌ಸಿಎಂನಲ್ಲಿ 'ನೋಟಿಫಿಕೇಶನ್ ಸಂದೇಶ', 'ಡೇಟಾ ಸಂದೇಶ' ಎಂದು ಎರಡಿವೆ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ತೆರೆದಿದ್ದಾಗ ಎರಡೂ ಆ್ಯಪ್‌ನ ಕೈಗೆ ಬರುತ್ತವೆ. ಆ್ಯಪ್ ಹಿನ್ನೆಲೆಯಲ್ಲಿದ್ದಾಗ ಮೊದಲನೆಯದನ್ನು ಫೋನೇ ನೇರವಾಗಿ ತೋರಿಸಿಬಿಡುತ್ತದೆ, ಡೆವಲಪರ್ ಬರೆದ ಕೋಡ್ ಓಡುವುದಿಲ್ಲ. ಎರಡನೆಯದನ್ನು ಫೋನು ತೋರಿಸುವುದಿಲ್ಲ, ಆ್ಯಪ್ ತಾನೇ ತೋರಿಸಬೇಕು. "ಆ್ಯಪ್ ತೆರೆದಿದ್ದರೆ ಸರಿ, ಮುಚ್ಚಿದರೆ ಇಲ್ಲ" ಎಂದು ಹೊಸಬರು ತಲೆ ಕೆಡಿಸಿಕೊಳ್ಳುವುದಕ್ಕೆ ಮುಖ್ಯ ಕಾರಣ ಇದೇ.

ಆರು, ತುರ್ತು ಮತ್ತು ಅವಧಿ. 2015ರ ಆಂಡ್ರಾಯ್ಡ್ 6ರಿಂದ, ಬಳಸದೆ ಇಟ್ಟ ಫೋನು ಬ್ಯಾಟರಿ ಉಳಿಸಲು ನಿದ್ರೆಗೆ ಜಾರುತ್ತದೆ. ಸಾಮಾನ್ಯ ಆದ್ಯತೆಯ ಸಂದೇಶ ಅದು ಎಚ್ಚರಗೊಳ್ಳುವವರೆಗೆ ಕಾಯಬಹುದು. ಫೋನು ಆಫ್ ಆಗಿದ್ದರೆ ಎಫ್‌ಸಿಎಂ ಸಂದೇಶವನ್ನು ನಾಲ್ಕು ವಾರದವರೆಗೂ ಇಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಇಟ್ಟುಕೊಳ್ಳಬೇಕೆಂದು ನಾವು ಹೇಳದಿದ್ದರೆ ಭಾನುವಾರದ ಕಾರ್ಯಕ್ರಮದ ಕರೆ ಬುಧವಾರ ಬಂದು ಬೀಳುತ್ತದೆ.

ಏಳು, 'ಯಶಸ್ವಿ' ಎಂಬ ಮಾತಿನ ಅರ್ಥ. ಸರ್ವರಿಗೆ ಬರುವ 'ಯಶಸ್ವಿ' ಎಂಬ ಉತ್ತರದ ಅರ್ಥ ಸಂದೇಶವನ್ನು ಗೂಗಲ್ ಅಥವಾ ಆ್ಯಪಲ್ ತೆಗೆದುಕೊಂಡಿದೆ ಎಂದಷ್ಟೇ. ಫೋನಿಗೆ ಮುಟ್ಟಿತು ಎಂದಲ್ಲ, ಸದಸ್ಯರು ಓದಿದರು ಎಂದಂತೂ ಅಲ್ಲ. ಅಂಚೆ ಡಬ್ಬಿಗೆ ಕಾಗದ ಹಾಕಿದ್ದಕ್ಕೂ ಅದು ಮನೆ ಸೇರಿದ್ದಕ್ಕೂ ಇರುವಷ್ಟೇ ವ್ಯತ್ಯಾಸ.

ಈ ಏಳರಲ್ಲಿ ಯಾವುದೂ ಗುಟ್ಟಲ್ಲ. ಎಲ್ಲವೂ ಎಲ್ಲೋ ಒಂದು ಕಡೆ ಬರೆದಿದೆ. ಆದರೆ ಏಳಕ್ಕೂ ಹೊರಗೆ ಕಾಣುವ ಲಕ್ಷಣ ಒಂದೇ: ನೋಟಿಫಿಕೇಶನ್ ಬರಲಿಲ್ಲ. ಲಕ್ಷಣದಿಂದ ಕಾರಣಕ್ಕೆ ಹೋಗುವ ದಾರಿ ಕೈಪಿಡಿಯಲ್ಲಿ ಇಲ್ಲದಿದ್ದರೆ ಹೊಸಬರು ಊಹೆಯ ಮೇಲೆ ನಡೆಯಬೇಕಾಗುತ್ತದೆ.

ಕನ್ನಡದ ಅಕ್ಷರ, ಬೈಟಿನ ಲೆಕ್ಕ

ಇನ್ನೊಂದು ವಿಷಯ ಇಂಗ್ಲಿಷಿನಲ್ಲಿ ಮಾತ್ರ ಸಂದೇಶ ಕಳಿಸುವವರಿಗೆ ಎದುರಾಗುವುದೇ ಇಲ್ಲ, ಆದ್ದರಿಂದ ಮಾದರಿಗಳಲ್ಲೂ ಕಾಣುವುದಿಲ್ಲ. ಹಿಂದೆ ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70 ಮಾತ್ರ ಎಂಬ ಕಷ್ಟ ನಮಗೆಲ್ಲ ಗೊತ್ತು. ಪುಶ್ ನೋಟಿಫಿಕೇಶನ್‌ನಲ್ಲಿ ಅದೇ ಕಷ್ಟ ಬೇರೆ ವೇಷದಲ್ಲಿ ಬರುತ್ತದೆ.

ಎಫ್‌ಸಿಎಂ ಮತ್ತು ಆ್ಯಪಲ್ ಎರಡರಲ್ಲೂ ಸಾಮಾನ್ಯ ಸಂದೇಶದ ಮಿತಿ 4096 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8 ಎಂಬ ಈಗಿನ ರೂಢಿಯ ಬರಹ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಸಂಕೇತ ಎಂದರೆ ಕಣ್ಣಿಗೆ ಕಾಣುವ ಅಕ್ಷರವಲ್ಲ. ಕಾಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಬೇರೆ ಬೇರೆ ಸಂಕೇತಗಳು. 'ಸೊಲ್ಲಾಪುರ' ಎಂಬ ಹೆಸರನ್ನೇ ನೋಡಿ. ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಒಂಬತ್ತು ಸಂಕೇತ, 27 ಬೈಟ್. ಈ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಬರೆಯುವ ಕಾಗುಣಿತಕ್ಕೆ 7 ಬೈಟ್ ಸಾಕು.

ಇಷ್ಟಕ್ಕೇ ಮುಗಿಯುವುದಿಲ್ಲ. ಪೈಥಾನ್ ಮತ್ತು ಪಿಎಚ್‌ಪಿ ಭಾಷೆಗಳಲ್ಲಿ ಸಂದೇಶವನ್ನು ಜೇಸನ್ ರೂಪಕ್ಕೆ ತಿರುಗಿಸುವಾಗ, ಬೇರೆ ಸೂಚನೆ ಕೊಡದಿದ್ದರೆ, ಕನ್ನಡದ ಪ್ರತಿ ಸಂಕೇತವೂ ಆರು ಬೈಟಿನ ಗುಪ್ತಲಿಪಿಯಂತೆ ಹಿಗ್ಗುತ್ತದೆ. 27 ಬೈಟಿನ ಸೊಲ್ಲಾಪುರ 54 ಬೈಟ್ ಆಗುತ್ತದೆ. ಹಾಗೆಯೇ ಆ್ಯಪಲ್‌ಗೆ ಕಳಿಸಿದರೆ 4096 ಬೈಟಿನಲ್ಲಿ ಹಿಡಿಯುವುದು 700 ಸಂಕೇತಕ್ಕಿಂತ ಕಡಿಮೆ. ಮಿತಿ ಮೀರಿದ ಸಂದೇಶ ತುಂಡಾಗಿ ಹೋಗುವುದಿಲ್ಲ, ಇಡಿಯಾಗಿ ತಿರಸ್ಕೃತವಾಗುತ್ತದೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿದಾಗ ಎಲ್ಲ ಸರಿಯಿರುತ್ತದೆ. ಕನ್ನಡದಲ್ಲಿ ಕಾರ್ಯಕ್ರಮದ ಪೂರ್ತಿ ವಿವರ ಹಾಕಿದ ದಿನ ಮಾತ್ರ ಯಾರಿಗೂ ಹೋಗುವುದಿಲ್ಲ.

ಕೈಪಿಡಿ ಇದಕ್ಕೆ ದೊಡ್ಡ ಅಧ್ಯಾಯವನ್ನೇನೂ ಬರೆಯಬೇಕಿಲ್ಲ. 'ಮಿತಿ ಬೈಟಿನಲ್ಲಿದೆ, ಅಕ್ಷರದಲ್ಲಲ್ಲ' ಎಂಬ ಒಂದು ಸಾಲು, ಕನ್ನಡದ್ದೋ ತಮಿಳಿನದ್ದೋ ಒಂದು ಉದಾಹರಣೆ, 'ನೋಟಿಫಿಕೇಶನ್‌ನಲ್ಲಿ ಸಾರಾಂಶ ಕಳಿಸಿ, ವಿವರವನ್ನು ಆ್ಯಪ್ ತೆರೆದಾಗ ತೋರಿಸಿ' ಎಂಬ ಸಲಹೆ. ಅಷ್ಟಿದ್ದರೆ ಸಾಕು.

ಸಂದೇಶದ ಭಾಷೆ ಯಾರ ಆಯ್ಕೆ?

ಗಡಿನಾಡಿನವರಾದ ನಮಗೆ ಇದು ಎಲ್ಲಕ್ಕಿಂತ ಮುಖ್ಯ. ಎಫ್‌ಸಿಎಂ ಮತ್ತು ಆ್ಯಪಲ್ ಎರಡರಲ್ಲೂ ಒಂದು ಸೌಕರ್ಯವಿದೆ. ಸಂದೇಶದ ಪಠ್ಯವನ್ನೇ ಕಳಿಸುವ ಬದಲು ಅದರ ಗುರುತಿನ ಹೆಸರನ್ನು ಕಳಿಸಬಹುದು. ಫೋನು ತನ್ನ ಭಾಷೆಗೆ ತಕ್ಕ ಪಠ್ಯವನ್ನು ಆ್ಯಪ್‌ನೊಳಗಿಂದ ಆರಿಸಿ ತೋರಿಸುತ್ತದೆ. ಒಂದೊಂದು ಆ್ಯಪ್‌ಗೆ ಬೇರೆ ಬೇರೆ ಭಾಷೆ ಆರಿಸಿಕೊಳ್ಳಲು ಐಫೋನಿನಲ್ಲಿ 2019ರ ಐಒಎಸ್ 13ರಿಂದ, ಆಂಡ್ರಾಯ್ಡ್‌ನಲ್ಲಿ 2022ರ ಆಂಡ್ರಾಯ್ಡ್ 13ರಿಂದ ಅವಕಾಶವಿದೆ. 'ಟಾಪಿಕ್' ಎಂಬ ಗುಂಪುಗಳನ್ನು ಮಾಡಿ, ಕನ್ನಡ ಬೇಕೆಂದವರನ್ನು ಒಂದು ಗುಂಪಿಗೆ ಸೇರಿಸಲೂಬಹುದು.

ಇಷ್ಟೆಲ್ಲ ಇದ್ದೂ ಹೊಸ ಡೆವಲಪರ್‌ಗೆ ಸುಲಭವಾಗಿ ತೋಚುವ ದಾರಿ ಬೇರೆ: ಬಳಕೆದಾರರು ನಮೂದಿಸಿದ ರಾಜ್ಯವನ್ನು ನೋಡಿ ಭಾಷೆ ತೀರ್ಮಾನಿಸುವುದು. ಆ ದಾರಿ ಹಿಡಿದರೆ ಕಾಸರಗೋಡಿನ ಕನ್ನಡಿಗರಿಗೆ ಮಲಯಾಳ, ತಾಳವಾಡಿಯವರಿಗೆ ತಮಿಳು, ಜತ್ತಿನವರಿಗೆ ಮರಾಠಿ, ಮಡಕಶಿರಾದವರಿಗೆ ತೆಲುಗು ಹೋಗುತ್ತದೆ. ಆ ಭಾಷೆಗಳ ಮೇಲೆ ನಮಗೆ ಗೌರವವಿದೆ, ಅವುಗಳೊಡನೆ ದಿನನಿತ್ಯ ಬಾಳುವವರು ನಾವು. ನಮ್ಮ ತಕರಾರು ಒಂದೇ. ವಿಳಾಸ ನೋಡಿ ಭಾಷೆ ಊಹಿಸಬಾರದು, ಕೇಳಬೇಕು. ಸರ್ಕಾರದ ಕಾಗದಪತ್ರಗಳಲ್ಲಿ ಈ ಮಾತನ್ನು ದಶಕಗಳಿಂದ ಹೇಳುತ್ತಾ ಬಂದಿದ್ದೇವೆ. ಈಗ ಸಾಫ್ಟ್‌ವೇರ್‌ನಲ್ಲೂ ಹೇಳಬೇಕಾಗಿದೆ. ಕಲಿಯುವ ಮಾದರಿಯಲ್ಲೇ 'ಬಳಕೆದಾರರ ಭಾಷೆ ಕೇಳಿ ಇಟ್ಟುಕೊಳ್ಳಿ' ಎಂಬ ಮೂರು ಸಾಲಿನ ಕೋಡ್ ಇದ್ದರೆ ಅದು ಸಾವಿರಾರು ಆ್ಯಪ್‌ಗಳಿಗೆ ನಕಲಾಗುತ್ತದೆ. ಇಲ್ಲದಿದ್ದರೆ ಇಲ್ಲದಿರುವುದೇ ನಕಲಾಗುತ್ತದೆ.

ಒಳ್ಳೆಯ ಕೈಪಿಡಿ ಹೇಗಿರುತ್ತದೆ?

ಇದಕ್ಕೆ ಮಾದರಿಗಳಿಲ್ಲದೆ ಇಲ್ಲ. ಡೇನಿಯೆಲೆ ಪ್ರೊಸಿಡಾ ಎಂಬವರು ರೂಪಿಸಿದ 'ಡಯಾಟ್ಯಾಕ್ಸಿಸ್' ಎಂಬ ಪದ್ಧತಿ ಕೈಪಿಡಿಗಳನ್ನು ನಾಲ್ಕು ಬಗೆಯಾಗಿ ನೋಡುತ್ತದೆ. ಕೈಹಿಡಿದು ನಡೆಸುವ ಪಾಠ, ಒಂದು ನಿರ್ದಿಷ್ಟ ಕೆಲಸ ಮಾಡುವ ಬಗೆ, ಹೆಸರು ಮತ್ತು ನಿಯಮಗಳ ಪಟ್ಟಿ, ಮತ್ತು 'ಇದು ಹೀಗೇಕೆ' ಎಂಬ ವಿವರಣೆ. ನಾಲ್ಕನ್ನೂ ಕಲಸಿದರೆ ಯಾರಿಗೂ ಉಪಯೋಗವಿಲ್ಲ. ಅಡುಗೆ ಕಲಿಯಲು ಬಂದವರಿಗೆ ದಿನಸಿ ಅಂಗಡಿಯ ದರಪಟ್ಟಿ ಕೊಟ್ಟ ಹಾಗೆ. ನೋಟಿಫಿಕೇಶನ್ ಕೈಪಿಡಿಗಳಲ್ಲಿ ಮೂರನೆಯ ಬಗೆ, ಅಂದರೆ ಪಟ್ಟಿ, ಧಾರಾಳವಾಗಿದೆ. ನಾಲ್ಕೂ ಕೈ ದಾಟಿಸಿ ಕೊನೆಯವರೆಗೆ ಕರೆದೊಯ್ಯುವ ಪಾಠ ಮತ್ತು 'ಹೀಗೇಕೆ' ಎಂಬ ವಿವರಣೆ ಕಡಿಮೆ.

ಮುಕ್ತ ತಂತ್ರಾಂಶಗಳಲ್ಲಿ 'ನೋಟಿಫೈ' ಎಂದು ಉಚ್ಚರಿಸುವ ಒಂದು ಸಣ್ಣ ಸೇವೆಯಿದೆ. ಅದರ ಹೆಸರನ್ನು ಎನ್, ಟಿ, ಎಫ್, ವೈ ಎಂದು ನಾಲ್ಕೇ ಅಕ್ಷರದಲ್ಲಿ ಬರೆಯುತ್ತಾರೆ. ಅದರ ಕೈಪಿಡಿ ಕಲಿಸುವ ಮೊದಲ ಕೆಲಸವೇ ಒಂದು ಸಾಲಿನ ಆದೇಶದಿಂದ ನಿಮ್ಮ ಫೋನಿಗೆ ಸಂದೇಶ ತರಿಸುವುದು. ಖಾತೆ ತೆರೆಯುವುದೂ ಬೇಡ. ಐದು ನಿಮಿಷದಲ್ಲಿ ಫೋನು ಸದ್ದು ಮಾಡುತ್ತದೆ, ಕಲಿಯುವವರಿಗೆ ಧೈರ್ಯ ಬರುತ್ತದೆ. ಅಪಾಯವನ್ನೂ ಅದೇ ಕೈಪಿಡಿ ಮುಚ್ಚಿಡದೆ ಹೇಳುತ್ತದೆ: ನೀವು ಆರಿಸುವ ವಿಷಯದ ಹೆಸರೇ ಪಾಸ್‌ವರ್ಡ್ ಇದ್ದಂತೆ, ಸುಲಭವಾಗಿ ಊಹಿಸುವಂಥದ್ದು ಬೇಡ. ಎಫ್‌ಸಿಎಂ ಇಷ್ಟು ಸರಳವಾಗಲಾರದು, ಅದರ ಹೊರೆ ದೊಡ್ಡದು. ಆದರೆ ಮೊದಲು ಒಂದು ಸಂದೇಶ ಮುಟ್ಟಲಿ, ಆಮೇಲೆ ವಿವರ ಎಂಬ ಕ್ರಮವನ್ನು ಯಾರಾದರೂ ಅನುಸರಿಸಬಹುದು.

ಖಾಸಗಿತನದ ವಿಷಯವೂ ಮೊದಲ ಪುಟದಲ್ಲೇ ಇರಬೇಕು. ನಾವೇ ಗುಪ್ತಲಿಪಿಗೆ ತಿರುಗಿಸದಿದ್ದರೆ, ಕಳಿಸುವ ಪಠ್ಯ ಗೂಗಲ್ ಅಥವಾ ಆ್ಯಪಲ್‌ನ ಸರ್ವರ್‌ಗಳ ಮೂಲಕ ಅವರು ಓದಬಲ್ಲ ರೂಪದಲ್ಲೇ ಹಾದುಹೋಗುತ್ತದೆ. 2023ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟರ್ ರಾನ್ ವೈಡನ್ ಬರೆದ ಪತ್ರದಿಂದ, ಸರ್ಕಾರಗಳು ಈ ಕಂಪನಿಗಳಿಂದ ಪುಶ್ ನೋಟಿಫಿಕೇಶನ್‌ಗಳ ದಾಖಲೆ ಕೇಳುತ್ತಿರುವುದು ಸುದ್ದಿಯಾಯಿತು. ಸಹಕಾರಿ ಸಂಘದ ಆ್ಯಪ್ ಮಾಡುವ ಹೊಸಬರು ಸದಸ್ಯರ ಸಾಲದ ಬಾಕಿಯನ್ನು ನೋಟಿಫಿಕೇಶನ್‌ನಲ್ಲೇ ಬರೆದು ಕಳಿಸುವ ಮೊದಲು ಇದನ್ನು ತಿಳಿದಿರಬೇಕು.

ಬರಬಹುದಾದ ಆಕ್ಷೇಪಗಳು

ಪಳಗಿದ ಡೆವಲಪರ್‌ಗಳು ಹೇಳಬಹುದು: "ನಾವೂ ಹೀಗೆಯೇ ಕಷ್ಟಪಟ್ಟು ಕಲಿತೆವು, ಇವರೂ ಕಲಿಯಲಿ." ಕಷ್ಟಪಟ್ಟು ಕಲಿಯುವುದರಲ್ಲಿ ತಪ್ಪಿಲ್ಲ. ಆದರೆ ಇಲ್ಲಿ ಕಷ್ಟ ಪಡುವವರು ಕಲಿಯುವವರು ಮಾತ್ರವಲ್ಲ. ಅರ್ಜಿಯ ಕೊನೆಯ ದಿನ ತಿಳಿಯದೆ ಹೋದ ವಿದ್ಯಾರ್ಥಿ, ಮಳೆಯ ರಜೆಯ ಸುದ್ದಿ ಮುಟ್ಟದೆ ಶಾಲೆಯವರೆಗೆ ನಡೆದ ಮಗು, ಅಂತ್ಯಸಂಸ್ಕಾರದ ಸಮಯ ತಿಳಿಯದ ನೆಂಟರು ಕೂಡ ಅದರ ಬೆಲೆ ತೆರುತ್ತಾರೆ.

ಇನ್ನೊಂದು ಮಾತು: "ಈಗ ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಎಲ್ಲ ಹೇಳುತ್ತದೆ, ಕೈಪಿಡಿ ಯಾಕೆ?" ಆ ಸಾಧನಗಳು ನಿಜಕ್ಕೂ ಉಪಯುಕ್ತ. ಆದರೆ ಅವು ಕಲಿತದ್ದು ಇರುವ ಬರಹಗಳಿಂದಲೇ. ಹತ್ತು ವರ್ಷದ ಹಳೆಯ ಪಾಠಗಳು ಹೆಚ್ಚು, ಹೊಸ ವಿಧಾನದ ಪಾಠಗಳು ಕಡಿಮೆ ಇದ್ದಾಗ ಮುಚ್ಚಿದ ದಾರಿಯನ್ನೇ ಧೈರ್ಯವಾಗಿ ತೋರಿಸುವುದೂ ಉಂಟು. ಸ್ಪಷ್ಟವಾದ, ದಿನಾಂಕವಿರುವ ಕೈಪಿಡಿ ಮನುಷ್ಯರಿಗೂ ಬೇಕು, ಯಂತ್ರಕ್ಕೂ ಬೇಕು.

ಮೂರನೆಯದು: "ಇದಕ್ಕೆಲ್ಲ ಇಂಗ್ಲಿಷ್ ಬೇಕೇ ಬೇಕು, ಕನ್ನಡದಲ್ಲಿ ಬರೆದು ಏನು ಪ್ರಯೋಜನ?" ಕೋಡ್ ಮತ್ತು ದೋಷಸೂಚನೆ ಇಂಗ್ಲಿಷಿನಲ್ಲೇ ಇರುತ್ತವೆ, ಇರಲಿ. ಆದರೆ ಸಂದೇಶ ಸಾಗುವ ದಾರಿ, ಟೋಕನ್ ಬದಲಾಗುವ ಕಾರಣ, 'ಯಶಸ್ವಿ' ಎಂಬುದರ ನಿಜವಾದ ಅರ್ಥ ಇವು ತಲೆಗೆ ಹತ್ತಬೇಕಾದ ತಿಳಿವಳಿಕೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ ಅದು ಮೊದಲು ಕನ್ನಡದಲ್ಲಿ ಸಿಕ್ಕರೆ, ಆಮೇಲೆ ಇಂಗ್ಲಿಷ್ ಪುಟ ತೆರೆದಾಗ ದಿಕ್ಕು ತಪ್ಪುವುದಿಲ್ಲ.

ನಾವು ಮಾಡಬಹುದಾದದ್ದು

ಗೂಗಲ್, ಆ್ಯಪಲ್ ತಮ್ಮ ಕೈಪಿಡಿಗಳನ್ನು ನಮಗಾಗಿ ನಾಳೆಯೇ ತಿದ್ದುತ್ತವೆ ಎಂದು ಕಾಯುತ್ತಾ ಕೂರಬೇಕಿಲ್ಲ. ಮೂರು ಕೆಲಸ ನಮ್ಮ ಕೈಯಲ್ಲೇ ಇವೆ.

ಮೊದಲನೆಯದು, ಎರಡು ಪುಟದ ಒಂದು ಕನ್ನಡ ಕೈಪಿಡಿ. ಮೇಲೆ ಬರೆದ ದಿನಾಂಕ, ಯಾವ ಆವೃತ್ತಿಗೆ ಅನ್ವಯ ಎಂಬ ಒಂದು ಸಾಲು, ದಾರಿಯ ಒಂದು ಚಿತ್ರ, ಆಮೇಲೆ 'ಬರಲಿಲ್ಲವೇ? ಮೊದಲು ಇದನ್ನು ನೋಡಿ, ಆಮೇಲೆ ಇದನ್ನು' ಎಂಬ ಪಟ್ಟಿ. ಮೇಲಿನ ಏಳು ಜಾಗಗಳನ್ನೇ ಅದಕ್ಕೆ ಆಧಾರವಾಗಿ ಇಟ್ಟುಕೊಳ್ಳಬಹುದು. ವರ್ಷಕ್ಕೊಮ್ಮೆ ಯಾರಾದರೂ ಅದನ್ನು ಮತ್ತೆ ಓದಿ ದಿನಾಂಕ ಬದಲಿಸಬೇಕು. ಬದಲಿಸಲು ಯಾರೂ ಇಲ್ಲದಿದ್ದರೆ 'ಇದು ಹಳೆಯದು' ಎಂದು ಮೇಲೆ ಬರೆದುಬಿಡಬೇಕು.

ಎರಡನೆಯದು, ಕಂಡ ದೋಷವನ್ನು ಹೇಳುವುದು. ದೊಡ್ಡ ಕಂಪನಿಗಳ ಕೈಪಿಡಿ ಪುಟಗಳಲ್ಲಿ ಅಭಿಪ್ರಾಯ ತಿಳಿಸಲು ಜಾಗವಿರುತ್ತದೆ. ಮುಕ್ತ ತಂತ್ರಾಂಶಗಳ ಕೈಪಿಡಿಯನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು. "ಈ ಪುಟ ಅರ್ಥವಾಗಲಿಲ್ಲ" ಎಂದಷ್ಟೇ ಬರೆದರೆ ಯಾರೂ ಏನೂ ಮಾಡಲಾರರು. "ಮಿತಿ ಅಕ್ಷರದಲ್ಲೋ ಬೈಟಿನಲ್ಲೋ ಸ್ಪಷ್ಟವಿಲ್ಲ, ಕನ್ನಡದ ಈ ಉದಾಹರಣೆ ಸೇರಿಸಿ" ಎಂದು ಬರೆದರೆ ಕೆಲಸವಾಗುವ ಸಾಧ್ಯತೆ ಹೆಚ್ಚು. ಕನ್ನಡದಲ್ಲಿ ಪರೀಕ್ಷಿಸಿ ತೋರಿಸುವ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುವವರು ಯಾರು?

ಮೂರನೆಯದು ಆ್ಯಪ್ ಮಾಡಿಸುವ ಸಂಘಗಳಿಗೆ. "ನೋಟಿಫಿಕೇಶನ್ ಬರುತ್ತದೆಯೇ?" ಎಂದು ಒಮ್ಮೆ ಕೇಳಿ ಸುಮ್ಮನಾಗಬೇಡಿ. ಹಳೆಯ ಫೋನು, ಹೊಸ ಫೋನು, ಐಫೋನು ಮೂರರಲ್ಲೂ, ಆ್ಯಪ್ ತೆರೆದಾಗಲೂ ಮುಚ್ಚಿದಾಗಲೂ, ಕನ್ನಡದ ಉದ್ದ ಸಂದೇಶದೊಂದಿಗೆ ತೋರಿಸಲು ಹೇಳಿ. ಭಾಷೆಯ ಆಯ್ಕೆ ಎಲ್ಲಿದೆ ಎಂದು ಕೇಳಿ. ಕಳಿಸುವ ಅನುಮತಿಯ ಕಡತ ಯಾರ ಬಳಿಯಿದೆ ಎಂದೂ ಕೇಳಿ. ಅದು ಆ್ಯಪ್‌ನೊಳಗಾಗಲೀ ಎಲ್ಲರಿಗೂ ಕಾಣುವ ಕೋಡ್ ಸಂಗ್ರಹದಲ್ಲಾಗಲೀ ಇರಬಾರದು, ಮಾಡಿಕೊಟ್ಟವರು ಬೇರೆ ಊರಿಗೆ ಹೋದ ಮೇಲೂ ಸಂಘದ ಬಳಿ ಉಳಿಯಬೇಕು. ಮುಖ್ಯವಾದ ಸುದ್ದಿಯನ್ನು ನೋಟಿಫಿಕೇಶನ್ ಒಂದನ್ನೇ ನಂಬಿ ಬಿಡಬೇಡಿ. ಸೂಚನಾ ಫಲಕದಲ್ಲೂ ಹಾಕಿ, ಫೋನ್ ಇಲ್ಲದ ಹಿರಿಯರಿಗೆ ಯಾರಾದರೂ ಹೋಗಿ ತಿಳಿಸಲಿ.

ಹೊಸೂರು, ಅಕ್ಕಲಕೋಟೆ, ಆದವಾನಿ, ನೀಲಗಿರಿ, ವಯನಾಡು ಎಲ್ಲೇ ಇರಲಿ, ಈ ಕೆಲಸ ಬಲ್ಲ ಅಥವಾ ಕಲಿಯುತ್ತಿರುವ ಬಂಧುಗಳು ತಮ್ಮ ಅನುಭವವನ್ನು ಈ ಪುಟದ ಸಂಪರ್ಕ ವಿಭಾಗದ ಮೂಲಕ ಬರೆದು ಕಳಿಸಬೇಕೆಂದು ಕೋರುತ್ತೇವೆ. ಎಲ್ಲಿ ಸಿಕ್ಕಿಕೊಂಡಿರಿ, ಯಾವ ದೋಷಸೂಚನೆ ಬಂತು, ಕೊನೆಗೆ ಏನು ಮಾಡಿದ ಮೇಲೆ ಸರಿಹೋಯಿತು ಎಂಬ ಮೂರು ಸಾಲು ಸಾಕು. ಕನ್ನಡದಲ್ಲೇ ಬರೆಯಿರಿ, ತಾಂತ್ರಿಕ ಪದಗಳನ್ನು ಇದ್ದ ಹಾಗೆಯೇ ಬಳಸಿದರೂ ಅಡ್ಡಿಯಿಲ್ಲ. ಬಂದದ್ದನ್ನೆಲ್ಲ ಸೇರಿಸಿ ಆ ಎರಡು ಪುಟದ ಕೈಪಿಡಿಯ ಮೊದಲ ಕರಡನ್ನು ಇಲ್ಲೇ ಹಾಕುತ್ತೇವೆ. ತಿದ್ದುಪಡಿ ಸೂಚಿಸುವ ಹಕ್ಕು ಎಲ್ಲ ಸದಸ್ಯರಿಗೂ ಇರುತ್ತದೆ.